ಮೂರು ಪಾಯಿಂಟ್‌ನ ಗೆರೆ, ಬರಿದಾದ ನಡು ಅಂಕಣ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 1979ರಲ್ಲಿ ಮೂರು ಪಾಯಿಂಟ್‌ನ ಗೆರೆ ಜಾರಿಗೆ ತಂದಾಗ ತಂಡಗಳು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಋತುವಿನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ ಮೂರು ಸಲವೂ ಗೆರೆಯಾಚೆಯಿಂದ ಎಸೆಯಲಿಲ್ಲ. 2024–25ರಲ್ಲಿ ಆ ಸರಾಸರಿ 37 ದಾಟಿತು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಇದರಿಂದ ಬೆಳೆಯಿತೋ ಕೆಟ್ಟಿತೋ ಎಂಬ ವಾದ ಇನ್ನೂ ನಿಂತಿಲ್ಲ. ನನ್ನ ಪ್ರಕಾರ ದೂರದ ಎಸೆತ ಆಟವನ್ನು ಬೆಳೆಸಿದೆ. ಕೆಡಿಸುತ್ತಿರುವುದು ಮೂಲೆಯ ಎಸೆತ.

ಈ ಏರಿಕೆಯ ಹಿಂದಿರುವ ಲೆಕ್ಕ ಸರಳ. ಗೆರೆಯಾಚೆಯಿಂದ ಎಸೆದ ನೂರು ತ್ರೀ ಪಾಯಿಂಟರ್‌ಗಳಲ್ಲಿ 35 ಬಿದ್ದರೆ 105 ಪಾಯಿಂಟ್. ಗೆರೆಯೊಳಗಿಂದ 40 ಬಿದ್ದರೂ ಸಿಗುವುದು 80. ಈ ಲೆಕ್ಕಕ್ಕೆ ಕಲೆಯ ರೂಪ ಕೊಟ್ಟವರು ಸ್ಟೀಫನ್ ಕರಿ. 2015–16ರಲ್ಲಿ ಅವರು 402 ತ್ರೀ ಪಾಯಿಂಟರ್ ಹಾಕಿದರು. ಚೆಂಡು ಕೈಯಲ್ಲಿಲ್ಲದಾಗ ಅವರನ್ನು ಗಮನಿಸಬೇಕು: ಪಾಸ್ ಕೊಟ್ಟವರು ನಿಲ್ಲುವುದಿಲ್ಲ, ಗೆರೆಯುದ್ದಕ್ಕೂ ಓಡುತ್ತಾರೆ. ಇಬ್ಬರು ಎದುರಾಳಿಗಳು ಬೆನ್ನುಹತ್ತುತ್ತಾರೆ, ಜೊತೆಗಾರನೊಬ್ಬ ರಿಂಗ್ ಕೆಳಗೆ ಒಂಟಿಯಾಗಿ ಉಳಿಯುತ್ತಾನೆ. ದೈತ್ಯರ ಆಟದಲ್ಲಿ ಆರಡಿ ಎರಡಿಂಚಿನ ಮನುಷ್ಯ ಇಡೀ ಅಂಕಣವನ್ನು ಆಳುವಂತಾಯಿತು.

ಕಳೆದುಕೊಂಡದ್ದೂ ಇದೆ. ಕರೀಂ ಅಬ್ದುಲ್ ಜಬ್ಬಾರ್ ಅವರ ಸ್ಕೈಹುಕ್ ಎಸೆತ, ರಿಂಗ್‌ಗೆ ಬೆನ್ನು ಕೊಟ್ಟು ಹಕೀಂ ಒಲಾಜುವಾನ್ ತೋರುತ್ತಿದ್ದ ಕಾಲ್ಚಳಕ, ನಡು ಅಂಕಣದಲ್ಲಿ ಹಿಂದಕ್ಕೆ ಜಿಗಿದು ಮೈಕೆಲ್ ಜೋರ್ಡನ್ ಎಸೆಯುತ್ತಿದ್ದ ಪರಿ, ಇವೆಲ್ಲ ಈಗ ಅಪರೂಪ. 2018ರ ಪಶ್ಚಿಮ ವಲಯದ ಫೈನಲ್‌ನ ಏಳನೇ ಪಂದ್ಯದಲ್ಲಿ ಹ್ಯೂಸ್ಟನ್ ರಾಕೆಟ್ಸ್ ಸತತ 27 ತ್ರೀ ಪಾಯಿಂಟರ್‌ಗಳಲ್ಲಿ ಗುರಿ ತಪ್ಪಿ ಸೋತಿತು. ಬೇರೆ ದಾರಿ ಹುಡುಕುವ ಅಭ್ಯಾಸವೇ ತಪ್ಪಿಹೋದ ತಂಡದ ಸೋಲು ಅದು.

ಎನ್‌ಬಿಎ ಜನಪ್ರಿಯತೆ ಕುಸಿದದ್ದಕ್ಕೂ ದೂರದ ಎಸೆತವೇ ಕಾರಣ ಎನ್ನುವುದನ್ನು ನಾನು ಒಪ್ಪುವುದಿಲ್ಲ. 1998ರ ಫೈನಲ್‌ನ ಕೊನೆಯ ಪಂದ್ಯವನ್ನು ಅಮೆರಿಕದಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಜನ ನೋಡಿದ್ದರು. ಈಚಿನ ಫೈನಲ್‌ಗಳು ಅದರ ಹತ್ತಿರಕ್ಕೂ ಬಂದಿಲ್ಲ, ನಿಜ. ಆದರೆ ಅಲ್ಲಿ ಟಿವಿ ಮುಂದೆ ಕೂರುವ ರೂಢಿಯೇ ಕಡಿಮೆಯಾಗಿದೆ. ಆದರೂ 2025ರಿಂದ ಹನ್ನೊಂದು ವರ್ಷಗಳ ಪ್ರಸಾರ ಹಕ್ಕು ಸುಮಾರು 7,600 ಕೋಟಿ ಡಾಲರ್‌ಗೆ ಹೋಗಿದೆ. 2019ರಿಂದ 2025ರವರೆಗೆ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರೆಲ್ಲ ಅಮೆರಿಕದ ಹೊರಗೆ ಹುಟ್ಟಿದವರು. ಆಟ ಲೋಕದ ಸೊತ್ತಾಗಿದೆ.

ಇನ್ನು ಮೂಲೆಯ ಮಾತು. ಎದುರಿನಲ್ಲಿ ಗೆರೆ ರಿಂಗ್‌ನಿಂದ 23 ಅಡಿ 9 ಇಂಚು ದೂರವಿದ್ದರೆ, ಮೂಲೆಯಲ್ಲಿ 22 ಅಡಿ ಮಾತ್ರ. ಅಂಕಣದ ಅಗಲ 50 ಅಡಿಯಾದ್ದರಿಂದ ಅಲ್ಲಿ ಜಾಗ ಸಾಲದು. ಕಡಿಮೆ ದೂರಕ್ಕೂ ಅದೇ ಮೂರು ಪಾಯಿಂಟ್ ಸಿಗುವಾಗ, ಪ್ರತಿ ತಂಡವೂ ಮೂಲೆಗಳಲ್ಲಿ ಆಟಗಾರರನ್ನು ನಿಲ್ಲಿಸುತ್ತದೆ. ಹೀಗಾಗಿಯೇ ಎಲ್ಲರ ಆಟವೂ ಒಂದೇ ತೆರನಾಗಿ ಕಾಣುವುದು.

ಮೂಲೆಯ ಎಸೆತಕ್ಕೆ ಎರಡೇ ಪಾಯಿಂಟ್ ಸಾಕು. ಲೀಗ್‌ಗೆ ಇಂಥ ತಿದ್ದುಪಡಿ ಹೊಸತಲ್ಲ. 19–18ರಲ್ಲಿ ಮುಗಿದ 1950ರ ಪಂದ್ಯದಂಥ ಮಂದಗತಿಯ ಆಟಕ್ಕೆ ಕೊನೆ ಹಾಡಲು 1954ರಲ್ಲಿ 24 ಸೆಕೆಂಡಿನೊಳಗೆ ಎಸೆಯಬೇಕೆಂಬ ನಿಯಮ ತಂದಿತ್ತು. 1994ರಲ್ಲಿ ಗೆರೆಯನ್ನೇ ಹತ್ತಿರಕ್ಕೆ ಎಳೆದು, ಮೂರು ಋತುಗಳ ನಂತರ ಹಿಂದಕ್ಕೆ ಸರಿಸಿತ್ತು. ಮೂಲೆಯ ರಿಯಾಯಿತಿ ಹೋದರೆ ಕರಿಯಂಥವರ ಕಲೆಗೆ ಕುಂದಿಲ್ಲ, ಒಲಾಜುವಾನ್‌ರಂಥವರಿಗೆ ಮತ್ತೆ ಕೆಲಸ ಸಿಗುತ್ತದೆ. ಇಬ್ಬರೂ ಒಂದೇ ಅಂಕಣದಲ್ಲಿ ಆಡುವಂತಾದರೆ ಅದೇ ಸಮೃದ್ಧ ಬ್ಯಾಸ್ಕೆಟ್‌ಬಾಲ್.