ಪೊರೆಯಂಚಿನ ಕತ್ತರಿ

ಬಿಳಿ ರಕ್ತಕಣದ ಮೈಮೇಲೆ ಎಲ್-ಸೆಲೆಕ್ಟಿನ್ ಎಂಬ, ಸಕ್ಕರೆಯ ಸರ ತೊಟ್ಟ ಪ್ರೋಟೀನು ಇರುತ್ತದೆ. ಅದರ ತುದಿ ರಕ್ತನಾಳದ ಗೋಡೆಯ ಸಕ್ಕರೆಗಳಿಗೆ ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ಕಣ ಉರುಳುತ್ತ ಉರುಳುತ್ತ ನಿಧಾನವಾಗುತ್ತದೆ. ಕಣ ಎಚ್ಚೆತ್ತಿತೋ, ಅದೇ ಪೊರೆಯ ಮೇಲೆ ಕಾದಿದ್ದ ಆಡಮ್-17 ಕಿಣ್ವ ಆ ಪ್ರೋಟೀನನ್ನು ಬುಡದ ಹತ್ತಿರ ಕತ್ತರಿಸಿಬಿಡುತ್ತದೆ. ನಿಮಿಷಗಳ ಕೆಲಸ. ಎಂಥ ಅಚ್ಚುಕಟ್ಟು! ಮೋಟು ಪೊರೆಯಲ್ಲೇ ಉಳಿದು, ತುಂಡು ರಕ್ತದಲ್ಲಿ ತೇಲಿಹೋಗುತ್ತದೆ.

ಈ ಕತ್ತರಿಯ ಅಲಗಿನಲ್ಲಿರುವುದು ಸತುವಿನ ಒಂದು ಅಯಾನು. ಮೂರು ಹಿಸ್ಟಿಡಿನ್‌ಗಳು ಅದನ್ನು ಭದ್ರವಾಗಿ ಹಿಡಿದಿರುತ್ತವೆ. ಅದು ನೀರಿನ ಅಣುವೊಂದನ್ನು ಹುರಿಗೊಳಿಸಿ ಪ್ರೋಟೀನಿನ ಕೊಂಡಿ ಕಳಚುತ್ತದೆ. ವಿಜ್ಞಾನಿಗಳು 1997ರಲ್ಲಿ ಈ ಕಿಣ್ವವನ್ನು ಗುರುತಿಸಿದ್ದು ಮಾತ್ರ ಬೇರೊಂದು ಕೆಲಸದಿಂದ: ಉರಿಯೂತದ ಸುದ್ದಿ ಹೊರುವ ಟಿಎನ್‌ಎಫ್ ಅನ್ನು ಪೊರೆಯಿಂದ ಬಿಡಿಸುವುದೂ ಇದೇ ಕಿಣ್ವ.