ಕ್ಯಾಲಿಫೋರ್ನಿಯದ ವರ್ಣನೆಯಲ್ಲಿ ಅರ್ಥವಾದ

ಅಮೆರಿಕಾದ ಪಶ್ಚಿಮತೀರದ ಕ್ಯಾಲಿಫೋರ್ನಿಯಕ್ಕೆ ಆ ಹೆಸರು ಬಂದುದು ಒಂದು ಕಟ್ಟುಕಥೆಯಿಂದಲೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. 1510ರಲ್ಲಿ ಅಚ್ಚಾದ ತನ್ನ ವೀರಕಥೆಯಲ್ಲಿ ಸ್ಪೇಯಿನಿನ ಮೊಂಟಾಲ್ವೊ ಎಂಬವನು ಭೂಸ್ವರ್ಗದ ಸಮೀಪದಲ್ಲಿ, ಚಿನ್ನವಲ್ಲದೆ ಅನ್ಯಲೋಹವಿಲ್ಲದ ಸ್ತ್ರೀರಾಜ್ಯವೊಂದನ್ನು ಕಲ್ಪಿಸಿ ಈ ಹೆಸರಿಟ್ಟನು. ಹೆಸರು ನಿಜವಾದ ನೆಲಕ್ಕೆ ಅಂಟಿತು. ಸ್ವರ್ಗದ ಉಪಮಾನವೂ ಅದರ ಬೆನ್ನಿಗೇ ಬಂದಿತು.

ಸ್ತುತಿಪರವಾದ ಅರ್ಥವಾದವು ವಿಧಿಯೊಡನೆ ಏಕವಾಕ್ಯತೆಯನ್ನು ಹೊಂದಿಯೇ ಸಾರ್ಥಕವಾಗುವುದೆಂಬುದು ಮೀಮಾಂಸಕರ ನಿರ್ಣಯ. ಹತ್ತೊಂಬತ್ತನೆಯ ಶತಮಾನದ ಕ್ಯಾಲಿಫೋರ್ನಿಯದ ಗದ್ಯಕ್ಕೆ ಈ ನ್ಯಾಯವು ಚೆನ್ನಾಗಿ ಒಪ್ಪುವುದು. ಚಾರಲ್ಸ್ ನಾರ್ಡಾಫನು 1872ರಲ್ಲಿ ಹೊರತಂದ ಗ್ರಂಥದ ಹೆಸರಿನಲ್ಲಿಯೇ ಆರೋಗ್ಯ, ವಿಲಾಸ, ನಿವಾಸಗಳೆಂಬ ಮೂರು ಫಲಗಳು ಶ್ರುತವಾಗಿವೆ. ಕಿತ್ತಳೆಯ ತೋಪು, ಹಿಮವಿಲ್ಲದ ಮಾಘಮಾಸ, ಶ್ವಾಸಕೋಶದ ರೋಗಿಗೆ ಹಿತವಾದ ಗಾಳಿ, ಇವನ್ನು ಬಿಡಿಯಾಗಿ ಓದಿದರೆ ಋತುವರ್ಣನೆಯೆಂದೇ ತೋರುವುದು. ಇವೆಲ್ಲಕ್ಕೂ ವಿಧಿ ಯಾವುದೆಂದು ಕೇಳಿದರೆ, "ರೈಲು ಹತ್ತು, ಭೂಮಿ ಕೊಳ್ಳು" ಎಂಬುದೇ! ಉತ್ತರಕುರುಗಳನ್ನು ವರ್ಣಿಸಿದ ನಮ್ಮ ಪ್ರಾಚೀನರಿಗೆ ಅಲ್ಲಿ ಮಾರುವ ನಿವೇಶನಗಳಿರಲಿಲ್ಲ. 1887ರಲ್ಲಿ ಎರಡು ರೈಲು ಕಂಪೆನಿಗಳ ಪೈಪೋಟಿಯಿಂದ ಮಿಸ್ಸೂರಿ ಪ್ರಾಂತದಿಂದ ಅಲ್ಲಿಗೆ ಪ್ರಯಾಣದ ದರವು ಅಲ್ಪಕಾಲ ಒಂದು ಡಾಲರಿಗೆ ಇಳಿಯಿತು. ನೆಲದ ಬೆಲೆ ಗಗನಕ್ಕೇರಿ, 1888ರಲ್ಲಿ ಕುಸಿಯಿತು.

ಆದರೂ ವರ್ಣನೆಯನ್ನು ಸುಳ್ಳೆನ್ನುವುದು ಅನ್ಯಾಯವಾದೀತು. ಚಳಿಗಾಲ ಬೆಚ್ಚಗೇ ಇತ್ತು, ಕಿತ್ತಳೆಯೂ ಫಲಿಸಿತು. ದೋಷವಿರುವುದು ಅನುಕ್ತಿಯಲ್ಲಿ. ಮಳೆ ಸಾಲದ ಲಾಸ್ ಏಂಜಲೀಸಿಗೆ 1913ರಲ್ಲಿ ಓವೆನ್ಸ್ ಕಣಿವೆಯ ನೀರನ್ನು ಇನ್ನೂರು ಮೈಲಿಗೂ ಹೆಚ್ಚು ದೂರದಿಂದ ತರಬೇಕಾಯಿತು. ಇದಕ್ಕಿಂತ ಘೋರವಾದ ಅನುಕ್ತಿ ಮತ್ತೊಂದು: 1846ರಲ್ಲಿ ಸುಮಾರು 1,50,000 ಇದ್ದರೆಂದು ಅಂದಾಜು ಮಾಡಿರುವ ಮೂಲನಿವಾಸಿಗಳು 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದಿದ್ದರು. "ನಿವಾಸ"ವೆಂಬ ಫಲವು ಯಾರ ನಿವಾಸದ ಮೇಲೆ ನಿಂತಿತೆಂಬುದನ್ನು ಆ ಬಗೆಯ ಗ್ರಂಥಗಳು ವಿಚಾರಿಸುವುದೇ ಇಲ್ಲ.

ಹೆಲೆನ್ ಹಂಟ್ ಜ್ಯಾಕ್ಸನ್ ಎಂಬ ಲೇಖಕಿ ಇದನ್ನು ವಿಚಾರಿಸಿದಳು. ನೆಲದಿಂದ ಅಟ್ಟಲ್ಪಟ್ಟವರ ದುಃಖವನ್ನು ಲೋಕಕ್ಕೆ ತಿಳಿಸುವುದಕ್ಕಾಗಿಯೇ ಅವಳು 1884ರಲ್ಲಿ "ರಮೋನಾ" ಕಾದಂಬರಿಯನ್ನು ಬರೆದಳು. ವಾಚಕರು ಕರುಣವನ್ನು ಬಿಟ್ಟು ಶೃಂಗಾರವನ್ನು ಹಿಡಿದರು. ನಾಯಕಿಯ ಮನೆಯನ್ನು ನೋಡಲು ಪ್ರವಾಸಿಗಳು ಬಂದರು. ನೆಲ ಮಾರುವವರಿಗೆ ಮತ್ತೊಂದು ಅರ್ಥವಾದ ದೊರೆಯಿತು. ತಪ್ಪೆಲ್ಲವೂ ವಾಚಕರದೆನ್ನಲಾಗದು. ಆಲಂಬನರಾದ ಆ ನಿರಾಶ್ರಿತರಿಗಿಂತ ಹಳೆಯ ಸ್ಪಾನಿಷ್ ಮನೆಯ ತೋಟ, ಬಿಸಿಲು, ಹೂಬಳ್ಳಿಗಳೆಂಬ ಉದ್ದೀಪನಗಳನ್ನೇ ಲೇಖಕಿ ಹೆಚ್ಚು ಅಕ್ಕರೆಯಿಂದ ಚಿತ್ರಿಸಿದ್ದಾಳೆ.