ಮಂಗಳವಿಲ್ಲದ ಪುಟ

ಇರುಳೆಲ್ಲ ನಡೆದ ಬಯಲಾಟ ಬೆಳಗಿನ ಜಾವಕ್ಕೆ ಮಂಗಳ ಹಾಡಿ ಮುಗಿಯುತ್ತದೆ. ಹರಿಕಥೆಯ ದಾಸರು ಮಂಗಳಾರತಿಯ ತಟ್ಟೆ ಸಭೆಯನ್ನು ಸುತ್ತಿಬಂದ ಮೇಲೆ ತಾಳವನ್ನು ಕೆಳಗಿಡುತ್ತಾರೆ. ಗದುಗಿನ ಭಾರತವನ್ನು ಗಮಕಿಯ ಬಾಯಿಂದ ಕೇಳುವವನಿಗೂ ಸಂಧಿ ಮುಗಿದೊಡನೆ ಎದ್ದುಹೋಗಲು ಎಡೆಯುಂಟು. ಹೀಗೆ ಮುಗಿಯುವುದರಿಂದಲೇ ಕೇಳಿದ್ದು ಮನಸ್ಸಿನಲ್ಲಿ ನೆಲೆನಿಂತು, ಮನೆಯ ದಾರಿಯುದ್ದಕ್ಕೂ ಮೆಲುಕಿಗೆ ಒದಗುತ್ತದೆ. ಇಂದು ನಮ್ಮ ಅಂಗೈಯನ್ನು ಆಕ್ರಮಿಸಿರುವ ಮೊಬೈಲಿನ ಪುಟಕ್ಕೆ ಮಾತ್ರ ಮಂಗಳವೆಂಬುದಿಲ್ಲ. ಆ ಸಾಧನದ ವಿಷಯದಲ್ಲಿ ನನ್ನ ಮುಖ್ಯ ಆಕ್ಷೇಪ ಇದೇ.

ಅದರ ಉಪಕಾರವನ್ನು ನಾನು ಮರೆತಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ, ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕುಳಿತು, ಕಡೆಗೆ ದೂರದೂರಿನ ಮಗನ ಧ್ವನಿಯನ್ನು ಮೂರು ನಿಮಿಷ ಕೇಳಿ ಕಣ್ಣೊರೆಸಿಕೊಂಡವರನ್ನು ಕಂಡವನು ನಾನು. ಆದರೆ 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ಮಾರ್ಟಿನ್ ಕೂಪರ್ ಎಂಬ ಎಂಜಿನಿಯರು ಮೊದಲ ಮೊಬೈಲ್ ಕರೆಗೆಂದು ಕಿಲೋಗ್ರಾಮಿಗೂ ಮಿಕ್ಕ ತೂಕದ ಯಂತ್ರವನ್ನು ಕಿವಿಗೆ ಹಿಡಿದು ಮಾತನಾಡಿದಾಗಲೂ, 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿ ನಮ್ಮ ದೇಶದಲ್ಲಿ ಈ ಸೌಕರ್ಯಕ್ಕೆ ನಾಂದಿ ಹಾಡಿದಾಗಲೂ, ಮಾತು ಮುಗಿದೊಡನೆ ಯಂತ್ರದ ಕೆಲಸವೂ ಮುಗಿಯುತ್ತಿತ್ತು.

ಅಂತ್ಯವನ್ನು ಅಳಿಸಿದವರು ಅನಂತರ ಬಂದರು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು, ಮುಂದಿನ ಪುಟಕ್ಕೆಂದು ಗುಂಡಿಯೊತ್ತುವ ಶ್ರಮ ಓದುಗನಿಗೇಕೆಂದು ಬಗೆದು, ಸರಿಸಿದಷ್ಟೂ ತಾನಾಗಿ ಬೆಳೆಯುತ್ತ ಹೋಗುವ ಪುಟವನ್ನು ರೂಪಿಸಿದರು. ಅದರ ಪರಿಣಾಮವನ್ನು ಕಂಡು ಮುಂದೆ ಅವರೇ ಬಹಿರಂಗವಾಗಿ ಪರಿತಪಿಸಿದರು. ಪುಟ ಮಗುಚುವ ಆ ಒಂದು ಕ್ಷಣ, ನೋಟಕ್ಕೆ ಅಲ್ಪವಾದರೂ, ‘ಇನ್ನು ಸಾಕೆ?’ ಎಂದು ಮನಸ್ಸು ತನ್ನನ್ನು ತಾನೇ ಕೇಳಿಕೊಳ್ಳುವ ಹೊಸ್ತಿಲಾಗಿತ್ತು. ಹೊಸ್ತಿಲನ್ನೇ ಕಿತ್ತ ಮೇಲೆ ಎಡವಿ ನಿಲ್ಲುವುದಾದರೂ ಎಲ್ಲಿ? ಅನಿಶ್ಚಿತ ಫಲದ ಆಕರ್ಷಣೆಯೂ ಇದಕ್ಕೆ ಜೊತೆಗೂಡಿತು. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗಗಳಲ್ಲಿ, ಎಷ್ಟು ಸಲ ಕುಕ್ಕಿದರೆ ಕಾಳು ದೊರೆಯುವುದೆಂದು ತಿಳಿಯದ ಪಾರಿವಾಳ ಬಿಡುವಿಲ್ಲದೆ ಕುಕ್ಕುತ್ತಿತ್ತು. ಹತ್ತು ನಿಸ್ಸಾರ ಚಿತ್ರಗಳ ನಡುವೆ ಎಲ್ಲಿಯೋ ಒಂದು ಸೊಗಸಾದುದು ಹೊಳೆಯುವ ಪುಟದ ಮುಂದೆ ನಮ್ಮ ಹೆಬ್ಬೆರಳಿನದೂ ಅದೇ ಅವಸ್ಥೆ. ಹಾಗೆ ಒಂದು ಗಂಟೆ ಕಳೆದು ಮಲಗಿದ ಮರುದಿನ ಬೆಳಗ್ಗೆ, ಕಂಡುದರಲ್ಲಿ ಒಂದನ್ನಾದರೂ ನೆನೆಯಲು ಕುಳಿತೆ, ಒಂದೂ ಬರಲಿಲ್ಲ. ಈ ವ್ಯಾಪಾರವನ್ನು ಓದೆಂದು ಕರೆಯಲು ನಾನು ಒಪ್ಪೆನು.

ಜನರು ಅಂಟಿಕೊಂಡಿರುವುದು ಯಂತ್ರಕ್ಕಲ್ಲ, ಅದು ತರುವ ಜ್ಞಾನಕ್ಕೆ, ನಂಟರಿಷ್ಟರ ಸುದ್ದಿಗೆ ಎಂದು ಅದನ್ನು ಮೆಚ್ಚುವವರು ಹೇಳುವುದುಂಟು. ನನಗೆ ನಂಬಿಕೆಯಾಗದು. ಕಳೆದ ಮಳೆಗಾಲದಲ್ಲಿ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ ನನ್ನೆದುರಿಗೆ ನಡುವಯಸ್ಸಿನ ಗೃಹಸ್ಥರೊಬ್ಬರು ಕುಳಿತಿದ್ದರು. ಒಳಗೆ ಅವರ ತಾಯಿಗೆ ಶಸ್ತ್ರಚಿಕಿತ್ಸೆ. ಚಾರ್ಜು ತೀರಿ ಕಪ್ಪುಗಟ್ಟಿದ್ದ ಫೋನನ್ನು ಅವರು ಜೇಬಿನಿಂದ ತೆಗೆದು, ಗಾಜನ್ನು ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಎರಡು ಸಲ ಸವರಿ, ಮತ್ತೆ ಒಳಗಿಡುವರು. ನಿಮಿಷ ಕಳೆಯುವುದರೊಳಗೆ ಕೈ ಮರಳಿ ಜೇಬಿಗೆ ಹೋಗುವುದು. ಆ ಕತ್ತಲ ಗಾಜಿನಲ್ಲಿ ಯಾವ ಸುದ್ದಿಯಿದ್ದೀತು? ಪಕ್ಕದಲ್ಲಿ ಅವರ ತಂದೆ, ಮಡಿಸಿದ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ಮಗ ಏನಾದರೂ ಆಡಿಯಾನೆಂದು ಆಗಾಗ ಅವರ ಮುಖವನ್ನು ನೋಡುತ್ತಿದ್ದರು. ಕಡೆಗೆ ಆ ವೃದ್ಧರೇ ಕೇಳಿದರು: “ಒಂದಿಷ್ಟು ಕಾಫಿ ಕುಡಿಯೋಣವೇನೋ?” ಮಗ ತಲೆಯೆತ್ತಿದರು, ಹೆಬ್ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು.